ವಳ್ಳೂರಿನ ಛತ್ರಿ, ನಾಗಕ್ಕನ ಹಗ್ಗ

ಮಧುಗಿರಿಯ ರೇಡಿಯೊ ರಿಪೇರಿ ಪರ್ವತಯ್ಯನವರಿಗೆ ಎತ್ತರದ ಹುಚ್ಚು. ಬೆಂಗಳೂರಿನ ಟಿವಿ ಹಿಡಿಯಲು ಮಧುಗಿರಿ, ಕೊರಟಗೆರೆಯ ಮನೆಗಳ ಮೇಲೆ ಬಿದಿರಿನ ಗಳು ನಿಲ್ಲಿಸಿದವರೇ ಅವರು. ಚಿತ್ರ ಮಸುಕಾಯಿತೆ? ಇನ್ನೊಂದು ಗಳು ಕಟ್ಟು. ಅದು ಫಲಿಸುತ್ತಲೂ ಇತ್ತು. ಹಾಗಾಗಿ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

೧೯೮೭ರ ಜನವರಿಯಲ್ಲಿ ಪಾವಗಡದ ಕಡೆಯ ವಳ್ಳೂರಿನವರು ಕರೆಸಿಕೊಂಡರು. ಬೆಂಗಳೂರಿನ ಅಲೆ ಅಲ್ಲಿಗೆ ಮುಟ್ಟದು, ಉಪಗ್ರಹದಿಂದಲೇ ಇಳಿಸಬೇಕು. ಊರಿನ ಓಬಯ್ಯ ಉರುಮೆ ಬಡಿಯಲು ಗಣರಾಜ್ಯೋತ್ಸವದ ಮೆರವಣಿಗೆಗೆಂದು ದೆಹಲಿಗೆ ಹೋಗಿದ್ದ. ಕುರಿ ಕಾಯುವ ಅವನ ಹೆಂಡತಿ ನಾಗಕ್ಕ ಗಂಡನನ್ನು ಟಿವಿಯಲ್ಲಿ ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದಿದ್ದಳು.

ಪರ್ವತಯ್ಯ ಆ ಅಲೆ ಹಿಡಿಯಲು ಕೋಳಿಜಾಲರಿ ಹೊದಿಸಿ ಎಂಟಡಿ ಅಗಲದ ಛತ್ರಿ ಮಾಡಿ ಶಾಲೆಯ ಅಂಗಳದಲ್ಲಿ ನಿಲ್ಲಿಸಿದರು. ಟಿವಿಯಲ್ಲಿ ಬರೀ ಚುಕ್ಕೆ ಕುಣಿದವು. ಶಾಲೆಯ ಮಾಳಿಗೆಗೆ ಏರಿಸಿದರು. ಅಲ್ಲೂ ಅವೇ ಚುಕ್ಕೆ. ಉಳಿದದ್ದು ಮೂರೇ ದಿನ. ಊರಾಚೆಯ ಗುಡ್ಡಕ್ಕೇ ಹತ್ತಿಸೋಣವೆಂದು ಹಗ್ಗ ಕೇಳಲು ನಾಗಕ್ಕನ ಮನೆಗೆ ಹೋದರು.

"ಏಮಿ ಸ್ವಾಮಿ, ಸೋನೆ ಮಳೆ ನೀರು ಹಿಡಿಯಾಕೆ ಚೆಂಬು ತಗಂಡೋಗಿ ಗುಡ್ಡದ ಮ್ಯಾಲಿಟ್ರೆ ಬ್ಯಾಗ ತುಂಬ್ತದಾ? ಅಗಲವಾದ ಬಾನಿ ಇಡಬ್ಯಾಡವಾ?" ಎಂದಳು ನಾಗಕ್ಕ.

ಪರ್ವತಯ್ಯನವರಿಗೆ ಸಿಟ್ಟು ಬಂತು. "ಇನ್ನೊಂದು ನಾಕಡಿ ಅಗಲ ಮಾಡಿದ್ರೆ ಏನು ಮಹಾ ಆಗ್ಬುಡ್ತದೆ ನಾಗಕ್ಕ?"

ಅವಳು ಅಂಗಳದಲ್ಲಿ ಗೂಟ ನೆಟ್ಟಳು. ಕುರಿ ರೊಪ್ಪಕ್ಕೆ ಮುಳ್ಳುಬೇಲಿ ಹಾಕುವ ಮುಂಚೆ ಗುರುತು ಮಾಡುವ ಹಾಗೆ ಹಗ್ಗ ಬಿಗಿಹಿಡಿದು ಸುತ್ತು ಬಂದು, ಎರಡು ಗುಂಡು ಗೆರೆ ಎಳೆದಳು.

"ಇದು ಎಂಟು ಮೊಳ ಅಗಲ, ಇಪ್ಪತ್ತು ಕುರಿ ಮಲಗ್ತವೆ. ಇದು ಹನ್ನೆರಡು ಮೊಳ. ಇದ್ರಾಗೆ ನಲವತ್ತೈದು."

ಪರ್ವತಯ್ಯ ಎರಡೂ ಗೆರೆಗಳನ್ನು ಮತ್ತೆ ಮತ್ತೆ ನೋಡಿದರು. ಅಗಲ ಒಂದೂವರೆಯಷ್ಟಾದರೆ ಹಿಡಿಯುವುದು ಎರಡರಷ್ಟಕ್ಕೂ ಮೇಲೆ! ಇಷ್ಟು ವರ್ಷ ಮೇಲೆ ನೋಡಿಕೊಂಡೇ ಬದುಕಿದವರಿಗೆ ಅವಳು ನೆಲದ ಮೇಲೆ ಬರೆದು ತೋರಿಸಿದ್ದಳು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಅದೇ ಹಗ್ಗದಲ್ಲಿ ಅಳೆದು ಹನ್ನೆರಡಡಿಯ ಹೊಸ ಛತ್ರಿ ಹೆಣೆದು, ನೆಲದ ಮೇಲೆಯೇ ನಿಲ್ಲಿಸಿದರು.

ಇಪ್ಪತ್ತಾರರ ಬೆಳಿಗ್ಗೆ ಊರಿಗೆ ಊರೇ ಶಾಲೆಯಲ್ಲಿ ಸೇರಿತ್ತು. ಚಿತ್ರ ತಿಳಿಯಾಗಿ ಬಂತು. ಕುದುರೆ, ಒಂಟೆ, ಸಿಪಾಯಿಗಳೆಲ್ಲ ಹೋದ ಮೇಲೆ ಉರುಮೆಯವರು ಬಂದರು. ಓಬಯ್ಯ, ಮಹರಾಯ, ಬೆನ್ನು ತಿರುಗಿಸಿ ಕುಣಿಯುತ್ತಿದ್ದ!

"ಅಗೋ, ನನ್ನ ಕಂಬಳಿ! ಆ ಬಿಳೀ ಅಂಚು ನಾನೇ ಹೊಲ್ದಿದ್ದು ಕಣಮ್ಮ!" ಎಂದು ನಾಗಕ್ಕ ಕೂಗಿದಳು. ಹಳೆಯ ಛತ್ರಿಯಾಗಿದ್ದರೆ ಆ ಅಂಚು ಚುಕ್ಕೆಗಳಲ್ಲಿ ಮುಳುಗಿಹೋಗುತ್ತಿತ್ತು.

ಕಣ್ಣೊರೆಸಿಕೊಳ್ಳುತ್ತ ಅವಳು ಕೈಮುಗಿಯಲು ಬಂದಳು. ಪರ್ವತಯ್ಯ ಹಿಂದೆ ಸರಿದರು. "ಮುಗಿಯಬೇಕಾದೋನು ನಾನು ಕಣಮ್ಮ. ನಂಗೇನಾರ ಕೊಡಂಗಿದ್ರೆ ಆ ಹಗ್ಗ ಕೊಡು."

ಆಮೇಲೆ ಶಿರಾದ ಕಡೆ ತಾವರೆಕೆರೆಯಲ್ಲಾಗಲಿ ಎಲ್ಲೇ ಆಗಲಿ, ಅವರು ಛತ್ರಿಗೆ ಗೆರೆ ಎಳೆದದ್ದು ಆ ಹಗ್ಗದಲ್ಲೇ. ಕೆಲಸ ಶುರುಮಾಡುವಾಗ ಎಲ್ಲರೂ ಗಣಪತಿಯನ್ನು ನೆನೆಯುತ್ತಾರೆ. ಪರ್ವತಯ್ಯ ಗೂಟ ನೆಟ್ಟು ಮೊದಲು "ನಾಗಕ್ಕ" ಅನ್ನುತ್ತಿದ್ದರು.