ದೋಣಿಯ ಹಿಂದಿನ ಸೀಟು

ನನಗೆ ಈಜು ಬಾರದು. ಹಾಗಿದ್ದೂ ನೀರಿನ ವಿಷಯ ಬಂದರೆ ಬಹಳ ಧೈರ್ಯವಾಗಿ ಮಾತನಾಡುತ್ತೇನೆ. ನೀವು ನಗಬಹುದು. ಡೆಲವೇರ್ ನದಿ ಮಾತ್ರ ನಗುವುದಿಲ್ಲ, ಅದಕ್ಕೆ ನನ್ನ ಪರಿಚಯವಿದೆ.

ನಡೆಸುವವನು ಮುಂದೆ ಕೂರಬೇಕೆಂಬುದು ನಮ್ಮವರ ರಕ್ತದಲ್ಲೇ ಇದೆ. ಎತ್ತಿನಗಾಡಿ ನೋಡಿ, ಜಟಕಾ ನೋಡಿ. ಕುರುಕ್ಷೇತ್ರದಲ್ಲಿ ಸಾಕ್ಷಾತ್ ಕೃಷ್ಣನೇ ಮುಂದೆ ಕುಳಿತ. ಹರಿಗೋಲಿಗಂತೂ ಹಿಂದು ಮುಂದೆಂಬುದೇ ಇಲ್ಲ. ಇಂಥ ಪರಂಪರೆಯಿಂದ ಬಂದ ಮೈಸೂರಿನ ಎಂಜಿನಿಯರಿಗೆ, ಕನೂ ಎಂಬ ಉದ್ದನೆಯ ದೋಣಿಯನ್ನು ತಿರುಗಿಸುವುದು ಹಿಂದೆ ಕೂತವರ ಹುಟ್ಟು ಎಂದು ಹೇಗೆ ಹೊಳೆಯಬೇಕು?

ಎಂಜಿನಿಯರೆಂದರೆ ನಮ್ಮ ಯಜಮಾನರು. ಎಪ್ಪತ್ತರ ದಶಕದ ಆರಂಭ, ನಾವು ಅಮೆರಿಕದ ಪಾರ್ಸಿಪನಿ ಎಂಬ ಊರಿನಲ್ಲಿದ್ದೆವು. ಕಾರಿಲ್ಲದೆ ಅಲ್ಲಿ ಹಾಲು ತರುವುದೂ ಕಷ್ಟ. ಮಾರಿಸ್‌ಟೌನಿನ ಒಂದು ಲೈಬ್ರರಿಯಲ್ಲಿ ನನಗೆ ಕೆಲಸ ಕೊಡುತ್ತೇವೆ ಎಂದಿದ್ದರು, ನಾನೇ ಡ್ರೈವ್ ಮಾಡಿಕೊಂಡು ಬರುವುದಾದರೆ. ಕಲಿಯುವವರ ಪರ್ಮಿಟ್ ಕೈಯಲ್ಲಿತ್ತು. ಆದರೆ ಒಂದು ದಿನ ನಾನು ಪಕ್ಕದ ಮನೆಯ ಅಂಚೆಪೆಟ್ಟಿಗೆಯನ್ನು ಕಾರಿನಿಂದ ಸ್ವಲ್ಪ ಮಾತನಾಡಿಸಿದ್ದರಿಂದ ನಮ್ಮವರು ಪಾಠ ನಿಲ್ಲಿಸಿಬಿಟ್ಟರು. "ನಿನಗೆ ಸ್ಟಿಯರಿಂಗ್ ಸೆನ್ಸೇ ಇಲ್ಲ ಕಣೇ" ಎಂಬುದು ತೀರ್ಪು. ನನಗೆ ಆ ಕೆಲಸ ಬೇಕೇಬೇಕಿತ್ತು. ಮಧ್ಯಾಹ್ನವಿಡೀ ಕಿಟಕಿಯಲ್ಲಿ ನಿಂತು ಬೇರೆಯವರ ಕಾರು ನೋಡಿ ಸಾಕಾಗಿತ್ತು.

ಹೀಗಿರುವಾಗ ಒಂದು ಶನಿವಾರ ಡೆಲವೇರ್ ನದಿಗೆ ಕನೂ ವಿಹಾರಕ್ಕೆ ಹೋದೆವು. ದಡದಲ್ಲಿ ದೋಣಿ ಬಾಡಿಗೆಗೆ ಕೊಡುವಾತ ಎಲ್ಲವನ್ನೂ ವಿವರಿಸಿದ. ನಮ್ಮವರು ಪುಳಿಯೋಗರೆಯ ಡಬ್ಬಿಗೆ ಹಗ್ಗ ಬಿಗಿಯುವುದರಲ್ಲಿ ಮಗ್ನರು. ಬಿಗಿದು ಮುಗಿಸಿ ನೇರ ಮುಂದಿನ ಸೀಟು ಹಿಡಿದರು. ನಾನು ಸೆರಗು ಸಿಕ್ಕಿಸಿ, ಸೀರೆಯ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು, ಪತಿವ್ರತೆಯಂತೆ ಹಿಂದೆ ಕುಳಿತೆ.

ಮೊದಮೊದಲು ದೋಣಿ ಗಿರಕಿ ಹೊಡೆಯಿತು. ಆಮೇಲೆ ಹುಟ್ಟಿನ ಮರ್ಮ ನನ್ನ ಕೈಗೆ ಹತ್ತಿತು.

"ಲೆಫ್ಟ್ ತಗೋತಿದೀನಿ, ನೀನು ಸುಮ್ನೆ ಹುಟ್ಟು ಹಾಕ್ತಿರು!" ಎಂದು ಅವರು ಕೂಗಿದರು. ಎಡಕ್ಕೆ ಬಂಡೆಯಿತ್ತು. ನಾನು ಬಲಕ್ಕೆ ತಿರುಗಿಸಿದೆ. ಬಂಡೆ ಪಕ್ಕದಲ್ಲೇ ಸರಿದುಹೋಯಿತು.

"ನೋಡಿದ್ಯಾ, ಹೇಗೆ ತಪ್ಪಿಸ್ದೆ!"

ನೋಡಿದೆ ಎಂದೆ. ನದಿಯುದ್ದಕ್ಕೂ ಹೀಗೇ ಸಾಗಿತು ನಮ್ಮ ದಾಂಪತ್ಯ.

ಇಳಿಯುವ ಜಾಗದಲ್ಲಿ ಕಾಯುತ್ತಿದ್ದ ಬಾಡಿಗೆಯಾತ ನನಗೆ ಕೈಕೊಟ್ಟು ಇಳಿಸುತ್ತಾ, "ನೈಸ್ ಸ್ಟಿಯರಿಂಗ್, ಮ್ಯಾಮ್" ಎಂದ.

"ಏನಂತೆ ಇವನದು? ಸ್ಟಿಯರಿಂಗ್ ಮಾಡಿದ್ದು ನಾನಲ್ವಾ?" ಎಂದರು ನಮ್ಮವರು.

"ಹಿಂದೆ ಕೂತೋರೇ ದೋಣಿ ತಿರುಗ್ಸೋದಂತೆ ರೀ. ಬೆಳಿಗ್ಗೇನೇ ಹೇಳಿದ್ದ. ಇನ್ನು ನನ್ನ ಕಾರಿನ ಪಾಠ ಮುಂದುವರಿಸೋಣ್ವಾ?"

ಅವರು ನದಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಒದ್ದೆಯಾಗದ ತಮ್ಮ ಪ್ಯಾಂಟನ್ನೂ ನೋಡಿಕೊಂಡರು. ನಡೆದು ಹೋಗಿ, ಬೆಳಿಗ್ಗೆಯೇ ಅಲ್ಲಿ ಬಿಟ್ಟಿದ್ದ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತು, "ನಿಧಾನಕ್ಕೆ ಹೋಗು" ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಪಾರ್ಸಿಪನಿ ಮುಟ್ಟುವವರೆಗೂ ಅವರು ಲೆಫ್ಟು, ರೈಟು, ಬ್ರೇಕು ಎನ್ನುತ್ತಲೇ ಇದ್ದರು. ಅನ್ನಲಿ ಬಿಡಿ. ಚಕ್ರ ಕೈಯಲ್ಲಿರುವವರಿಗೆ ಅಷ್ಟು ಔದಾರ್ಯವಾದರೂ ಇರಬೇಕು.