ಯಲಹಂಕ ಒಂದು, ಯಲಹಂಕ ಎರಡು

ಹಾಲು ಕಾಯಿಸಿದ್ದು, ಗಂಗಾನಗರದ ಗಿರಣಿಗೆ ರಾಗಿ ಕೊಟ್ಟು ಬಂದದ್ದು, ದೇವರ ದೀಪ ತೊಳೆದದ್ದು, ಒಣಗಿದ ಬಟ್ಟೆ ಮಡಿಸಿದ್ದು, ಆಮೇಲೆ ಸೂರ್ಯಗ್ರಹಣ ನೋಡಲು ಕರೆದೊಯ್ಯುವ ಪ್ರವಾಸದವರ ಫಾರ್ಮ್ ತುಂಬಲು ಕುಳಿತದ್ದು. ದಿನಚರಿಯಲ್ಲಿ ಬರೆಯಲು ಇವತ್ತಿನ ಕೆಲಸ ಇಷ್ಟೇ. ಫಾರ್ಮಿನಲ್ಲಿ ಹುಟ್ಟಿದ ತಾರೀಖು ಕೇಳಿದ್ದರು, ರಕ್ತದ ಗುಂಪು ಕೇಳಿದ್ದರು, ನಕ್ಷತ್ರ ಕೇಳಿರಲಿಲ್ಲ. ನಾವು ಚಿಕ್ಕವರಿದ್ದಾಗ ಗ್ರಹಣ ಅಂದರೆ ಮೊದಲು ಕೇಳುತ್ತಿದ್ದದ್ದೇ ನಕ್ಷತ್ರ.

ಅದು ಎಂಬತ್ತನೇ ಇಸವಿಯ ಗ್ರಹಣ. ನನಗೆ ಹತ್ತು ವರ್ಷ. ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ನನ್ನನ್ನು ಶಾಲೆಗೆಂದು ಯಲಹಂಕದಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು. ಅತ್ತೆ, ಮಾವ, ನಾನು, ಮೂರೇ ಜನ. ಅತ್ತೆಗೆ ಮಕ್ಕಳಿರಲಿಲ್ಲ, ಮಕ್ಕಳ ಜೊತೆ ಏನು ಮಾತಾಡಬೇಕೆಂದೂ ತಿಳಿಯುತ್ತಿರಲಿಲ್ಲ. ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿ ಸುಮ್ಮನಾಗುತ್ತಿದ್ದರು. ಭಾನುವಾರ ಬರುವ ಅಮ್ಮನ ಕಾಗದ ಬಾರದಿದ್ದರೆ ನಾನು ಹಿತ್ತಲಿಗೆ ಹೋಗಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ.

ಮಾವನ ಬಳಿ ಒಂದು ಕ್ಯಾಮೆರಾ ಇತ್ತು. ಒಂದು ರೋಲಿಗೆ ಹನ್ನೆರಡೇ ಫೋಟೋ. ಸಂಕ್ರಾಂತಿ ಮುಗಿದ ಮೇಲೆ ಒಂದು ಸಂಜೆ ಕರೆದರು.

"ಪದ್ದೀ, ಬೆಂಗಳೂರಲ್ಲಿ ಸೂರ್ಯ ಪೂರ್ತಿ ಮುಚ್ಚಲ್ವಂತೆ. ಹುಬ್ಬಳ್ಳೀಲಿ ಮಧ್ಯಾಹ್ನವೇ ಕತ್ತಲಾಗತ್ತೆ. ಬರ್ತೀಯಾ?"

"ನಾನ್ಯಾಕೆ ಮಾವ?"

"ಎಣಿಸೋಕೆ! ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಬೆಳಕು ಒಳಗೆ ಹೋಗತ್ತೆ. ಒಂದು ಫೋಟೋಗೆ ಒಂದು ಸೆಕೆಂಡು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ನಾಲ್ಕು. ನಾನು ಗಡಿಯಾರ ನೋಡ್ಲಾ, ಸೂರ್ಯನ್ನ ನೋಡ್ಲಾ?"

ಸುಮ್ಮನೆ ಒಂದು, ಎರಡು ಅಂದರೆ ಬೇಗ ಓಡಿಹೋಗುತ್ತದಂತೆ. ಅದಕ್ಕೆ ಮಾವನೇ ಒಂದು ಉಪಾಯ ಮಾಡಿದರು. "ಯಲಹಂಕ ಒಂದು, ಯಲಹಂಕ ಎರಡು" ಅಂದರೆ ಗೋಡೆ ಗಡಿಯಾರಕ್ಕೆ ಸರಿಹೋಗುತ್ತಿತ್ತು. ಆ ತಿಂಗಳೆಲ್ಲ ನಾನು ಹಾಗೇ ಎಣಿಸಿದೆ. ಕೊಡ ತುಂಬುವಾಗ, ಕುಂಟೆಬಿಲ್ಲೆಯ ಮನೆ ದಾಟುವಾಗ, ಹುಣಸಮಾರನಹಳ್ಳಿ ಕಡೆಯಿಂದ ಬಂದ ದ್ರಾಕ್ಷಿಯನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುವಾಗ. ಯಲಹಂಕಕ್ಕೆ ಬಂದ ಮೇಲೆ ಯಾರಿಗಾದರೂ ನಾನು ಬೇಕಾದದ್ದು ಅದೇ ಮೊದಲು.

ಗ್ರಹಣಕ್ಕೆ ವಾರವಿರುವಾಗ ಅತ್ತೆ ಪಂಚಾಂಗ ಬಿಚ್ಚಿದರು.

"ಧನಿಷ್ಠಾದವರಿಗೆ ದೋಷವಂತೆ, ನೋಡ್ಲೇಬಾರ್ದಂತೆ. ನಿಂದ್ಯಾವ ನಕ್ಷತ್ರಾನೇ?"

ನಾನು ಹುಟ್ಟಿದ್ದು ಅಮ್ಮನ ತವರಿನಲ್ಲಿ, ಅತ್ತೆಗೆ ಗೊತ್ತಿರಲಿಲ್ಲ. ಪಂಚಾಂಗದಲ್ಲಿ ಅವರ ಬೆರಳಿನ ಮೇಲಿನ ಸಾಲು ಕಣ್ಣಿಗೆ ಬಿತ್ತು.

"ಶ್ರವಣ," ಅಂದೆ.

ಮಾವ ಯಶವಂತಪುರದಿಂದ ಎರಡು ಟಿಕೆಟ್ ತಂದರು. ಶುಕ್ರವಾರ ರಾತ್ರಿಯ ರೈಲು, ಶನಿವಾರ ಮಧ್ಯಾಹ್ನ ಗ್ರಹಣ. ಶುಕ್ರವಾರ ಬೆಳಿಗ್ಗೆ ಅತ್ತೆ ನನಗೆ ಎಣ್ಣೆ ನೀರೆರೆದು ದೇವಸ್ಥಾನಕ್ಕೆ ಕರೆದೊಯ್ದರು.

"ಮಗು ಹೆಸರಲ್ಲೇ ಅರ್ಚನೆ ಮಾಡಿ. ಮೊದಲ್ನೇ ಸಲ ಅಷ್ಟು ದೂರ ಹೋಗ್ತಿದೆ."

"ಹೇಳಮ್ಮಾ, ಹೆಸರು, ಗೋತ್ರ, ನಕ್ಷತ್ರ?" ಅಂದರು ಅರ್ಚಕರು.

ಮಗ್ಗಿ ಕಲಿಸಿದ ಹಾಗೆ ಅಮ್ಮ ಅದನ್ನು ಒಂದೇ ಉಸಿರಿನಲ್ಲಿ ಕಲಿಸಿದ್ದಳು. ಕೈ ಮುಗಿದು ಕಣ್ಣು ಮುಚ್ಚಿದರೆ ಸಾಕು, ತಾನಾಗಿ ಬರುತ್ತಿತ್ತು.

"ಪದ್ಮಾ, ಕಾಶ್ಯಪ ಗೋತ್ರ, ಧನಿಷ್ಠಾ ನಕ್ಷತ್ರ."

ಕಣ್ಣು ಬಿಟ್ಟಾಗ ಅತ್ತೆ ನನ್ನನ್ನೇ ನೋಡುತ್ತಿದ್ದರು. ಅರ್ಚಕರು ಮಂತ್ರ ಮುಂದುವರಿಸಿದರು. ಅತ್ತೆ ತೀರ್ಥ ತೆಗೆದುಕೊಂಡರು, ನನಗೂ ಕೊಡಿಸಿದರು. ನಮ್ಮ ಬೀದಿಯ ತಿರುವಿಗೆ ಬಂದಾಗ ನಿಂತರು.

"ಸುಳ್ಳು ಹೇಳಿದ್ಯಲ್ಲೇ."

ನಾನು ಕಾಲಿನಿಂದ ಒಂದು ಕಲ್ಲು ಒದ್ದೆ.

"ಬೈಯಲ್ಲ ಬಿಡು. ನಿಮ್ಮಪ್ಪ ನಂಬಿ ಬಿಟ್ಟೋಗಿದಾನೆ. ನಿನ್ ಕಣ್ಣಿಗೆ ಏನಾದ್ರೂ ಆದ್ರೆ ಅವನಿಗೆ ಏನಂತ ಹೇಳ್ಲಿ?"

ಮಾವ ಮಧ್ಯಾಹ್ನವಿಡೀ ವಾದಿಸಿದರು. "ಏನೂ ಆಗಲ್ಲ ಕಣೇ!"

"ಆಗಲ್ಲ ಅಂತ ಬರ್ದು ಕೊಡ್ತೀರೇನ್ರೀ?"

"ನಿಮ್ಮ ಪಂಚಾಂಗದವರು ಆಗತ್ತೆ ಅಂತ ಬರ್ದು ಕೊಟ್ಟಿದಾರಾ?"

"ಅಚ್ಚು ಹಾಕ್ಸಿದಾರಲ್ಲಾ, ಇನ್ನೇನ್ ಬೇಕು?"

ಮಾವನಿಗೆ ನಗು ಬಂತು. ನಕ್ಕ ಮೇಲೆ ವಾದ ಮುಗಿದ ಹಾಗೆಯೇ. ಸಂಜೆ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತು, "ಎಣಿಸೋರಿಲ್ದೆ ಹೋಗ್ತಿದೀನಿ ನೋಡು," ಅಂದರು. ಅವರು ಬಸ್ ಸ್ಟಾಪಿನ ಕಡೆ ತಿರುಗಿ ಕಾಣದಾದ ಮೇಲೂ ನಾನು ಎಣಿಸುತ್ತ ನಿಂತಿದ್ದೆ.

ಶನಿವಾರ ಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅತ್ತೆ ಉಪ್ಪಿನಕಾಯಿ ಭರಣಿ, ಮೊಸರಿನ ಪಾತ್ರೆಗಳ ಮೇಲೆ ದರ್ಭೆ ಇಟ್ಟು ಬಾಗಿಲು, ಕಿಟಕಿ ಎಲ್ಲ ಹಾಕಿದರು. ನಡುಮನೆಯ ಹೆಂಚೊಂದರಲ್ಲಿ ಸಣ್ಣ ತೂತಿತ್ತು. ಅಲ್ಲಿಂದ ದಿನವೂ ಒಂದು ದುಂಡನೆಯ ಬಿಸಿಲು ಗೋಡೆಯ ಮೇಲೆ ಬೀಳುತ್ತಿತ್ತು. ಅವತ್ತು ಅದರ ಅಂಚನ್ನು ಯಾರೋ ಕಚ್ಚಿದ ಹಾಗಿತ್ತು. ನೋಡನೋಡುತ್ತ ಅರ್ಧವಾಯಿತು, ಆಮೇಲೆ ಬಿದಿಗೆ ಚಂದ್ರನ ಹಾಗಾಯಿತು. ಸೂರ್ಯ ತಾನಾಗಿ ನಮ್ಮ ಮನೆಗೆ ಬಂದಿದ್ದ.

"ಅತ್ತೆ, ಅಲ್ನೋಡಿ!"

"ನೋಡ್ಬೇಡ ಕಣೇ!" ಅತ್ತೆ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿ ಅದನ್ನು ಮುಚ್ಚಿದರು. ಅದು ಅವರ ಕೈಯ ಹಿಂಭಾಗದ ಮೇಲೆ ಬಿತ್ತು, ಕತ್ತರಿಸಿದ ಉಗುರಿನಷ್ಟು ತೆಳ್ಳಗೆ. ಅತ್ತೆ ಅದನ್ನು ನೋಡಿದರು. ಕೈ ತೆಗೆಯಲಿಲ್ಲ. ಹೊರಗೆ ಹಕ್ಕಿಗಳು ಗೂಡಿಗೆ ಹೋಗುವ ಗದ್ದಲ ಮಾಡುತ್ತಿದ್ದವು. ಹುಬ್ಬಳ್ಳಿಯಲ್ಲಿ ಈಗ ಕತ್ತಲಾಗಿರಬೇಕೆಂದು ನಾನು ಮೆಲ್ಲಗೆ ಶುರುಮಾಡಿದೆ. ಯಲಹಂಕ ಒಂದು, ಯಲಹಂಕ ಎರಡು. ಅತ್ತೆ ಬಾಯಿ ಮುಚ್ಚು ಅನ್ನಲಿಲ್ಲ.

ಭಾನುವಾರ ಮಾವ ಬಂದರು. "ಎಣಿಕೆ ತಪ್ಪೋಯ್ತು ಕಣೇ. ಕತ್ತಲಾಗ್ತಿದ್ದ ಹಾಗೇ ಬಾಯಿ ಕಟ್ಕೊಂಡ್ಬಿಡ್ತು."

ಹನ್ನೆರಡರಲ್ಲಿ ಒಂದೇ ಒಂದು ಫೋಟೋ ಬಂತು. ಕಪ್ಪು ಕಾಗದದ ನಡುವೆ ಬಿಳಿಯ ಬಳೆ. ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದರು: "ಯಲಹಂಕ ನಾಲ್ಕು?" ಮುಂದಿನ ಸಲ ನೀನೇ ಬಂದು ಎಣಿಸಬೇಕು ಅಂದರು. ದೇಶದಲ್ಲಿ ಮುಂದಿನ ಪೂರ್ಣ ಗ್ರಹಣ ಆಗುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು. ನನಗೆ ಮದುವೆಯಾಗಿತ್ತು, ಮಾವ ಇರಲಿಲ್ಲ. ಆಮೇಲೆ ಅತ್ತೆಯೂ ಹೋದರು, ನನ್ನ ಮನೆಯವರೂ ಹೋದರು. ಹೆಂಚಿನ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿವೆ. ಸೆಕೆಂಡುಗಳನ್ನು ಫೋನೇ ಎಣಿಸಿಕೊಳ್ಳುತ್ತದೆ.

ಫಾರ್ಮಿನ ಕೊನೆಯಲ್ಲಿ ಎರಡು ಖಾನೆ ಉಳಿದಿವೆ. ಜೊತೆಗೆ ಬರುವವರ ಹೆಸರು. ತುರ್ತು ಬಂದರೆ ಯಾರಿಗೆ ತಿಳಿಸಬೇಕು. ಅಷ್ಟು ಬಿಟ್ಟು ಉಳಿದದ್ದೆಲ್ಲ ತುಂಬಿದ್ದೇನೆ.

ಗ್ರಹಣ ಬಿಟ್ಟ ಸಂಜೆ ಅತ್ತೆ ಸ್ನಾನ ಮಾಡಿಸಿ, ಹೊಸದಾಗಿ ನೀರು ತುಂಬಿ, ಬಿಸಿ ಅನ್ನ, ತಿಳಿಸಾರು ಮಾಡಿದ್ದರು. ಸುಟ್ಟ ಹಪ್ಪಳ ಇತ್ತು. ಆ ರಾತ್ರಿ ನನ್ನ ಚಾಪೆಯ ಪಕ್ಕಕ್ಕೇ ತಮ್ಮ ಚಾಪೆ ಎಳೆದುಕೊಂಡು, ನನ್ನ ಎಣಿಕೆ ಕೇಳುತ್ತ ಕೇಳುತ್ತ ಅತ್ತೆಯೇ ಮೊದಲು ಮಲಗಿದರು. ಇವತ್ತು ಮಧ್ಯಾಹ್ನದ ಸಾರನ್ನೇ ಬಿಸಿ ಮಾಡಿಕೊಂಡೆ, ಹಪ್ಪಳ ಸುಡಲಿಲ್ಲ. ಯಾರು ಮೊದಲು ಮಲಗಿದರು ಎಂದು ಬರೆಯಲು ಮನೆಯಲ್ಲಿ ಇಬ್ಬರಾದರೂ ಇರಬೇಕು.