ದುಂಡಗಿದ್ದ ಒಳಮೂಲೆ

ಅಜ್ಜಂಪುರದ ಆ ಯಜಮಾನರು ಕಡೂರಿನ ನನ್ನ ವಾಚು ರಿಪೇರಿ ಅಂಗಡಿಗೆ ಬಂದದ್ದು ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ. ಹೆಣ್ಣಿನ ಕಡೆಯವರು ಗಂಡಿನ ಕೈಗೆ ವಾಚು ಕಟ್ಟುವುದು ನಮ್ಮ ಕಡೆ ನಡೆದುಬಂದದ್ದು. ಈ ಹುಡುಗನಿಗೆ ಕೀ ಕೊಡುವ ವಾಚಿನ ಹುಚ್ಚಂತೆ, ಕೈಯೂ ಸಣ್ಣದಂತೆ. ಹಾಗಾಗಿ ತರೀಕೆರೆಯಲ್ಲಿರುವ ಹೆಂಡತಿಯ ತಮ್ಮನ ಕೈಲಿ ಪುಟ್ಟದೊಂದು ಫಾರಿನ್ ವಾಚು ತರಿಸಿದ್ದರು. ಹಿಂಬದಿಗೆ ಗಾಜು, ಒಳಗಿನ ಚಕ್ರಗಳೆಲ್ಲ ಕಾಣುತ್ತಿದ್ದವು.

"ಎಲ್ಲಾ ಕೈಯಾಗೇ ಉಜ್ಜಿ ಮಾಡಿರೋದಂತೆ. ಒಂದ್ಸಲ ನೋಡ್ಬಿಡಪ್ಪ" ಎಂದರು.

ನಾನು ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಮೂವತ್ತೈದು ವರ್ಷದಿಂದ ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಕೂತಿದ್ದೇನೆ. ಹೊಳಪಿಗೆ ಮರುಳಾಗುವುದಿಲ್ಲ. ಚಕ್ರಗಳನ್ನು ಹಿಡಿದಿಟ್ಟ ಪಟ್ಟಿಗಳ ಅಂಚು ನೋಡುತ್ತೇನೆ. ಒಳ್ಳೆಯ ವಾಚಿನಲ್ಲಿ ಆ ಅಂಚನ್ನು ಓರೆಯಾಗಿ ಸವರಿ ಹೊಳಪು ಕೊಟ್ಟಿರುತ್ತಾರೆ. ಹೊರಕ್ಕೆ ಚಾಚಿದ ಮೂಲೆ ಮೆಷೀನಿಗೂ ಬರುತ್ತದೆ. ಒಳಕ್ಕೆ ತಿರುಗುವ ಮೂಲೆ ಚೂಪಾಗಿ ನಿಲ್ಲಬೇಕಾದರೆ ಉಜ್ಜುವ ಅರ ಹಿಡಿದ ಮನುಷ್ಯನ ಕೈಯೇ ಬೇಕು. ಗಿರಗಿರ ತಿರುಗುವ ಕಟರು ಅಲ್ಲಿ ದುಂಡಗೆ ಬಿಟ್ಟು ಹೋಗುತ್ತದೆ. ವಾಚು ಸಣ್ಣದಾದಷ್ಟೂ ಆ ಕೆಲಸ ಕಷ್ಟ, ಕೈಯಲ್ಲಿನ ಅರ ಒಂದು ಕೂದಲೆಳೆಯಷ್ಟು ಜಾರಿದರೂ ಪಟ್ಟಿಯೇ ಹಾಳು.

ಇದರಲ್ಲಿ ಒಂದು ಒಳಮೂಲೆಯೂ ಚೂಪಾಗಿರಲಿಲ್ಲ. ಸ್ಕ್ರೂ ತಲೆಗಳು ಮಿಂಚುತ್ತಿದ್ದವು, ಅವುಗಳ ಸೀಳಿನ ಅಂಚು ಮಾತ್ರ ಒರಟು. ವಾಚು ಅಸಲಿ, ಚೆನ್ನಾಗಿ ಓಡುತ್ತದೆ, ಆದರೆ ಕೈಕೆಲಸವಲ್ಲ ಎಂದು ಹೇಳಿದೆ. ಅವರು ಅಲ್ಲೇ ಭಾವಮೈದನಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಬ್ಯಾಟ್ರಿ ಹಾಕೋನನ್ನ ಹೋಗಿ ಕೇಳ್ತೀರಲ್ಲ ಭಾವ. ಸ್ಕೂಲ್ ಮೆಟ್ಲು ಸರಿಯಾಗಿ ಹತ್ತದೋನಿಗೆ ಇದೆಲ್ಲಾ ಏನ್ ಗೊತ್ತಾದದು?"

ನನ್ನ ಮೈಯೆಲ್ಲ ಉರಿಯಿತು. ಅವನನ್ನು ಕರೆಸಿ, ಲೆನ್ಸು ಕೊಡುತ್ತೇನೆ, ಅವನೇ ನೋಡಲಿ ಎಂದೆ. ಯಜಮಾನರು ವಾಚನ್ನು ಜೇಬಿಗಿಳಿಸಿ ಎದ್ದುಹೋದರು.

ಹಳೆಯ ಪರಿಚಯ, ಕರೆದಿದ್ದರು, ನಿಶ್ಚಿತಾರ್ಥಕ್ಕೆ ಹೋದೆ. ವಾಚು ಕಟ್ಟುವ ಹೊತ್ತಿಗೆ ಆ ಭಾವಮೈದನೇ ಎದ್ದು ನಿಂತ. ಕೊಟ್ಟ ವಸ್ತುವನ್ನು ಯಾರು ಪರೀಕ್ಷೆ ಮಾಡಿದರು ಎಂದು ನಾಲ್ಕು ಜನರ ಮುಂದೆ ಹೇಳದಿದ್ದರೆ ನಮ್ಮವರಿಗೆ ತೃಪ್ತಿಯಿಲ್ಲ.

"ಪೂರಾ ಕೈಕೆಲಸ ಕಣ್ರೀ. ಕಡೂರಾಗೆ ಇವ್ರೇ ನೋಡಿ ಹೇಳವ್ರೆ" ಎಂದು ನನ್ನ ಕಡೆ ಕೈ ತೋರಿಸಿದ.

ಎಲ್ಲರೂ ನನ್ನತ್ತ ತಿರುಗಿದರು. ಯಜಮಾನರು ಜಮಖಾನ ನೋಡುತ್ತಾ ಕೂತರು. ಹುಡುಗಿಯ ಮುಖ ನೋಡಿ ನಾನು ಬಾಯಿ ಬಿಡಲಿಲ್ಲ. ಎಲೆ ಹಾಕುವ ಮೊದಲೇ ಎದ್ದು ಬಸ್ಸು ಹತ್ತಿದೆ. ಬ್ಯಾಟರಿ ಹಾಕುವವನೆಂದದ್ದನ್ನು ನುಂಗಿಕೊಂಡೇನು. ಆದರೆ ನಾನು ಆಡದ ಮಾತನ್ನು ನನ್ನ ಬಾಯಿಗೆ ತುರುಕಿದ್ದನ್ನು ಹೇಗೆ ನುಂಗಲಿ? ನನ್ನ ಹತ್ತಿರ ಸರ್ಟಿಫಿಕೇಟಿಲ್ಲ. ಇರುವುದು ನನ್ನ ಮಾತೊಂದೇ, ಅದನ್ನು ನಂಬಿಯೇ ಜನ ಅಂಗಡಿಗೆ ಬರುವುದು.

ವಾರ ಕಳೆಯುವಷ್ಟರಲ್ಲಿ ಮದುವೆಯ ಹುಡುಗನೇ ಬಂದ.

"ಅಣ್ಣ, ನೀವೇ ನೋಡಿದ್ರಂತೆ. ಕೈಕೆಲಸ ಎಲ್ಲೈತೆ, ನಂಗೂ ಒಸಿ ತೋರ್ಸಿ."

ಹೌದು ಎಂದಿದ್ದರೆ ಎಲ್ಲರಿಗೂ ಸುಖವಿತ್ತು. ನಾನು ಲೆನ್ಸು ಅವನ ಕೈಗೆ ಕೊಟ್ಟೆ.

"ಆ ಪಟ್ಟಿ ಒಳಮೂಲೆ ನೋಡಪ್ಪ. ಚೂಪಗೈತಾ?"

ಅವನು ಬಹಳ ಹೊತ್ತು ನೋಡಿದ. "ಇಲ್ಲ, ದುಂಡಗೈತೆ."

"ಹಂಗಾದ್ರೆ ಮೆಷೀನಿಂದು. ನಾನು ಮೊದ್ಲೂ ಇದನ್ನೇ ಹೇಳಿದ್ದು."

ಅವನು ವಾಚನ್ನು ಮತ್ತೆ ಕಟ್ಟಿಕೊಂಡ. ವಾಚು ಚೆನ್ನಾಗಿಯೇ ಇದೆ, ಮಾವನ ಮನೆಯವರು ಯಾಕೆ ಹಾಗೆ ಹೇಳಬೇಕಿತ್ತು ಎಂದಷ್ಟೇ ಕೇಳಿ ಹೋದ.

ಸಂಜೆ ಯಜಮಾನರ ಫೋನು ಬಂತು. "ಬೀಗರ ಮುಂದೆ ನನ್ನ ಮಾನ ಕಳೆದ್ಯಲ್ಲಪ್ಪ."

"ನಿಮ್ಮ ಮಾನ ಉಳೀಲಿ ಅಂತ ಅವತ್ತು ಉಣ್ಣದೆ ಎದ್ದು ಬಂದೆ ಯಜಮಾನ್ರೇ. ನನ್ನ ಮಾನಕ್ಕೆ ನೀವು ತಲೆ ಎತ್ತಲೂ ಇಲ್ಲ" ಎಂದು ಫೋನಿಟ್ಟೆ.

ಮದುವೆ ಸಾಂಗವಾಗಿ ಆಯಿತೆಂದು ಕೇಳಿದೆ. ನನಗೆ ಪತ್ರಿಕೆ ಬರಲಿಲ್ಲ.